ಕರ್ನಾಟಕದಲ್ಲಿ ಫಿರಂಗಿ ಮತ್ತು ರಾಕೆಟ್

ತೋಪು, ರಾಕೆಟ್‌ಗಳಿಂದ ದೂರದ ಶತ್ರುವಿನ ಮೇಲೆ ದಾಳಿ ಮಾಡುವ ಸೇನಾ ವಿಭಾಗ ಫಿರಂಗಿದಳ. ಕರ್ನಾಟಕದ ಕೋಟೆಗಳಲ್ಲಿ ಅದರ ಐದು ಶತಮಾನಗಳ ಚರಿತ್ರೆ ಉಳಿದುಕೊಂಡಿದೆ. ತೋಪು ಎಷ್ಟು ದೊಡ್ಡದಿರಬೇಕು, ಅದನ್ನು ಎಷ್ಟು ಬೇಗ ಸಾಗಿಸಬಹುದು ಎಂಬೆರಡು ಪ್ರಶ್ನೆಗಳು ಈ ಚರಿತ್ರೆಯುದ್ದಕ್ಕೂ ಜಗ್ಗಾಡಿವೆ. ಇಂದಿನ ಯುದ್ಧಗಳಲ್ಲೂ ಫಿರಂಗಿಯ ಭವಿಷ್ಯ ನಿಂತಿರುವುದು ಬಹುಮಟ್ಟಿಗೆ ಇವುಗಳ ಮೇಲೆಯೇ.

1520ರ ರಾಯಚೂರು ಕಾಳಗದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಬಳಿ ತೋಪುಗಳ ದೊಡ್ಡ ಸಾಲೇ ಇತ್ತು. ಆದರೂ ಗೆದ್ದದ್ದು ಕೃಷ್ಣದೇವರಾಯ. ಮೊದಲ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚದುರಿತು. ಆದರೆ ರಾಯನೇ ಮುಂದೆ ನಿಂತು ನಡೆಸಿದ ಮರುದಾಳಿಯನ್ನು ತೋಪುಗಳು ತಡೆಯಲಿಲ್ಲ. ಆ ಕಾಲದ ತೋಪಿಗೆ ಮತ್ತೆ ಮದ್ದು ತುಂಬಿ ಹಾರಿಸಲು ಬಹಳ ಹೊತ್ತು ಬೇಕಾಗುತ್ತಿತ್ತು.

ದೈತ್ಯ ತೋಪಿನ ಪರಮಾವಧಿ ವಿಜಯಪುರದ (ಅಂದಿನ ಬಿಜಾಪುರದ) ಮಲಿಕ್-ಎ-ಮೈದಾನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಇದರ ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು. ಬಾಯಿಯ ಸುತ್ತ ಆನೆಯನ್ನು ಅಗಿಯುತ್ತಿರುವ ಸಿಂಹದ ಕೆತ್ತನೆ. 1632ರಲ್ಲಿ ಪರಂಡಾ ಕೋಟೆಯಿಂದ ಬಿಜಾಪುರಕ್ಕೆ ತಂದು ಬುರುಜಿನ ಮೇಲೆ ಕೂರಿಸಿದರು. ಎರಕದ ಕಲೆಯಾಗಿ ಅದು ಅದ್ಭುತ. ಆದರೆ ಶತ್ರು ಬೇರೆ ದಾರಿ ಹಿಡಿದರೆ ಅವನ ಬೆನ್ನಟ್ಟಿ ಹೋಗುವ ಆಯುಧವಲ್ಲ.

ಇದಕ್ಕೆ ತದ್ವಿರುದ್ಧವಾದ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ಗಿಡಿದು, ಆ ಕೊಳವೆಯನ್ನು ಉದ್ದನೆಯ ಬಿದಿರಿಗೋ ಕತ್ತಿಯ ಅಲಗಿಗೋ ಕಟ್ಟಿ ಹಾರಿಸುತ್ತಿದ್ದರು. ಯುರೋಪಿನ ರಾಕೆಟ್‌ಗಳಿಗೆ ಆಗ ಕಾಗದದ ಕವಚ. ಒಳಗಿನ ಒತ್ತಡ ಹೆಚ್ಚಿದರೆ ಅದು ಸೀಳಿಹೋಗುತ್ತಿತ್ತು. ಕಬ್ಬಿಣ ಹೆಚ್ಚಿನ ಒತ್ತಡ ತಾಳಿದ್ದರಿಂದ ಮೈಸೂರಿನ ರಾಕೆಟ್ ಒಂದೂವರೆ, ಎರಡು ಕಿಲೋಮೀಟರ್ ಹಾರಬಲ್ಲದಾಗಿತ್ತು. ಗುರಿ ಕರಾರುವಾಕ್ಕಾಗಿರಲಿಲ್ಲ. ಆ ಕೊರತೆಯನ್ನು ಸಂಖ್ಯೆ ತುಂಬುತ್ತಿತ್ತು: ಒಮ್ಮೆಲೇ ಹತ್ತಾರು ರಾಕೆಟ್ ಬಂದೆರಗಿದರೆ ಕುದುರೆಗಳು ಬೆದರಿ ಸೇನೆಯ ಸಾಲು ಒಡೆಯುತ್ತಿತ್ತು. ಹಾರಿಸಿದವನು ಅಷ್ಟರಲ್ಲಿ ಬೇರೆಡೆಗೆ ಸರಿದಿರುತ್ತಿದ್ದ.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಮೈಸೂರು ಸೇನೆಯ ದಾಳಿಗೆ ಬ್ರಿಟಿಷ್ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡು ಈಸ್ಟ್ ಇಂಡಿಯಾ ಕಂಪನಿಯ ಸೇನೆ ನುಚ್ಚುನೂರಾಯಿತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆಯ ಮರಗಳ ತೋಪಿನಲ್ಲಿ ರಾಕೆಟ್ ಮತ್ತು ಬಂದೂಕಿನ ದಾಳಿಗೆ ಆರ್ಥರ್ ವೆಲ್ಲೆಸ್ಲಿ ಹಿಮ್ಮೆಟ್ಟಬೇಕಾಯಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.

ಟಿಪ್ಪುವಿನ ಮರಣಾನಂತರ ವೆಲ್ಲೆಸ್ಲಿಯ ಲಕ್ಷ್ಯ ಉತ್ತರಕ್ಕೆ ಹೊರಳಿತು. ಉತ್ತರ ಕನ್ನಡದ ಸೋಂದಾ ಸೀಮೆ ಕಂಪನಿಯ ಕೈಸೇರಿ ಹಳಿಯಾಳ ಮರಾಠರ ಎದುರಿನ ಗಡಿಕೋಟೆಯಾಯಿತು.  ಬಂಡುಕೋರ ಧೋಂಡಿಯಾ ವಾಘನ ಬೆನ್ನುಹತ್ತಿದ ವೆಲ್ಲೆಸ್ಲಿ 1800ರ ಜುಲೈನಲ್ಲಿ ಮಲಪ್ರಭೆಯ ದಡದ ಮುನವಳ್ಳಿಯ ಹತ್ತಿರ ಅವನ ಪಾಳೆಯದ ಮೇಲೆ ಬಿದ್ದು ತೋಪುಗಳನ್ನು ವಶಪಡಿಸಿಕೊಂಡ. ಸೆಪ್ಟೆಂಬರ್‌ನಲ್ಲಿ ಕೋಣಗಲ್ ಬಳಿ ಧೋಂಡಿಯಾ ಹತನಾದದ್ದು ಅಶ್ವದಳದ ದಾಳಿಯಲ್ಲಿ. ಓಡಾಡುವ ಶತ್ರುವಿನ ವಿರುದ್ಧ ವೇಗವೇ ಆಯುಧವಾಯಿತು.

ಶ್ರೀರಂಗಪಟ್ಟಣದಲ್ಲಿ ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳಿಂದ ಪ್ರೇರಿತನಾದ ವಿಲಿಯಂ ಕಾಂಗ್ರೀವ್ ತಯಾರಿಸಿದ ರಾಕೆಟ್‌ಗಳು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಸುರಿದವು. ತಾಯ್ನಾಡಿನಲ್ಲಿ ಮಾತ್ರ ಈ ವಿದ್ಯೆ ಮರೆಯಾಯಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಒಂದು ಹಾಳುಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಹೊರಬಂದವು. ಈ ವಿದ್ಯೆ ರಾಜಧಾನಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಲಾರಿಯ ಮೇಲಿಂದ ರಾಕೆಟ್ ಹಾರಿಸುವ ಸ್ವತಂತ್ರ ಭಾರತದ ಪಿನಾಕ ವ್ಯವಸ್ಥೆ ಮೈಸೂರಿನ ಮಾದರಿಯದೇ. 12 ರಾಕೆಟ್‌ಗಳನ್ನು 44 ಸೆಕೆಂಡುಗಳಲ್ಲಿ ಹಾರಿಸಿ ಲಾರಿ ಜಾಗ ಖಾಲಿ ಮಾಡುತ್ತದೆ. ಮೊದಲ ಆವೃತ್ತಿಯ ವ್ಯಾಪ್ತಿ ಸುಮಾರು 38 ಕಿಲೋಮೀಟರ್; ದಾರಿ ತಿದ್ದಿಕೊಳ್ಳಬಲ್ಲ ನಂತರದ ಆವೃತ್ತಿಗಳದು 75ಕ್ಕೂ ಹೆಚ್ಚು. ಮೈಸೂರಿನ ರಾಕೆಟ್ಟಿಗೆ ಇಲ್ಲದ ನಿಖರತೆ ಹೀಗೆ ಕೂಡಿಬಂದಿದೆ. 1999ರ ಕಾರ್ಗಿಲ್ ಯುದ್ಧ ಇನ್ನೊಂದು ಪಾಠ ಕಲಿಸಿತು. ಬೋಫೋರ್ಸ್ ತೋಪುಗಳು ಶಿಖರಗಳನ್ನು ಬಡಿದವು, ಆದರೆ ಶತ್ರುವಿನ ತೋಪು ಎಲ್ಲಿದೆ ಎಂದು ಪತ್ತೆಹಚ್ಚುವ ರೇಡಾರ್ ಸೇನೆಯ ಬಳಿ ಇರಲಿಲ್ಲ. ಆ ಕೊರತೆ ನೀಗಿಸಲು ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ ಮತ್ತು ಬಿಇಎಲ್ ಕೂಡಿ ‘ಸ್ವಾತಿ’ ರೇಡಾರನ್ನು ರೂಪಿಸಿದವು. ಹಾರಿಬರುವ ಶೆಲ್‌ನ ಪಥವನ್ನು ಗಮನಿಸಿ, ಅದು ಹೊರಟ ಜಾಗವನ್ನು ಇದು ಲೆಕ್ಕಹಾಕುತ್ತದೆ.

ಇಂಥ ರೇಡಾರ್ ಎದುರಾಳಿಯ ಬಳಿಯೂ ಇರುತ್ತದೆ. ಹೀಗಾಗಿ ಹೊಡೆದ ತೋಪು ಅಲ್ಲೇ ನಿಂತರೆ ಉಳಿಯುವುದಿಲ್ಲ. 2022ರಿಂದ ಉಕ್ರೇನಿನಲ್ಲಿ ಡ್ರೋನ್‌ಗಳು ಈ ಅಪಾಯವನ್ನು ಇಮ್ಮಡಿಸಿವೆ. ಆಕಾಶದ ಕ್ಯಾಮೆರಾ ತೋಪನ್ನು ಹುಡುಕುತ್ತದೆ, ಅಗ್ಗದ ಡ್ರೋನ್ ಅದರ ಮೇಲೆರಗುತ್ತದೆ. ಹಾಗೆಂದು ತೋಪಿನ ಕಾಲ ಮುಗಿಯಿತೆನ್ನುವುದು ಅವಸರದ ಮಾತು. ಮೋಡ, ಮಳೆ, ಸಂಕೇತ ತಡೆಯುವ ಜಾಮರ್ ಯಾವುದೂ ಸಾದಾ ಶೆಲ್ಲನ್ನು ನಿಲ್ಲಿಸಲಾರದು. ಉಕ್ರೇನಿನಲ್ಲಿ ಎರಡೂ ಕಡೆಯವರನ್ನು ಕಾಡಿದ್ದು ಶೆಲ್‌ಗಳ ಅಭಾವ. ಭಾರತವೂ 2025ರ ಮಾರ್ಚ್‌ನಲ್ಲಿ 307 ಸ್ವದೇಶಿ ಎಟಿಎಜಿಎಸ್ ತೋಪುಗಳಿಗೆ ಒಪ್ಪಂದ ಮಾಡಿಕೊಂಡಿದೆ. ಇವನ್ನು ಲಾರಿಗೆ ಕಟ್ಟಿ ಎಳೆಯಬೇಕು. ತಾನೇ ಓಡಾಡುವ ಕೆ-9 ವಜ್ರ ತೋಪುಗಳು ಈಗಾಗಲೇ ಸೇನೆಯಲ್ಲಿವೆ. ಲಾರಿಯ ಮೇಲೆಯೇ ಕೂರಿಸಿದ ತೋಪಿನ ಅಭಿವೃದ್ಧಿಯೂ ನಡೆದಿದೆ.