ಸ್ವೆಟರಿನ ಹೆಣಿಗೆ ನೋಡಿ ಕಡಲಲ್ಲಿ ಸತ್ತವರ ಗುರುತು ಹಿಡಿಯುತ್ತಿದ್ದರೇ?

ಬಿಳಿ ಉಣ್ಣೆಯ ದಪ್ಪ ಸ್ವೆಟರ್. ಎದೆಯ ಮೇಲೆ ಹಗ್ಗ ಹೊಸೆದಂಥ ಗೆರೆಗಳು, ಪಕ್ಕದಲ್ಲಿ ಜೇನುಗೂಡಿನಂಥ ಗುಳಿಗಳು. ಇಂಥ ಚಿತ್ರದ ಜೊತೆ ಒಂದು ಕಥೆ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿರುತ್ತದೆ. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಪ್ರತಿ ಮನೆತನಕ್ಕೂ ತನ್ನದೇ ಆದ ಹೆಣಿಗೆಯ ವಿನ್ಯಾಸವಿತ್ತಂತೆ. ಕಡಲಲ್ಲಿ ಮುಳುಗಿದ ಮೀನುಗಾರನ ಹೆಣ ಎಷ್ಟೋ ದಿನಗಳ ಮೇಲೆ, ಮುಖ ಗುರುತು ಸಿಗದಂತೆ ದಡಕ್ಕೆ ಬಂದರೆ, ಮೈಮೇಲಿನ ಸ್ವೆಟರ್ ನೋಡಿ ಯಾರ ಮನೆಯವನೆಂದು ಹೇಳುತ್ತಿದ್ದರಂತೆ. ಓದಿದವರ ಮನ ಕಲಕುತ್ತದೆ, ಇನ್ನೊಂದು ಗುಂಪಿಗೆ ಕಳಿಸುತ್ತಾರೆ.

ಕಥೆ ಚೆನ್ನಾಗಿದೆ. ಆದರೆ ಮನೆತನಕ್ಕೊಂದು ವಿನ್ಯಾಸವಿತ್ತು ಎನ್ನುವುದಕ್ಕೆ ಆಧಾರವಿಲ್ಲ.

ಈ ಕಥೆ ಹುಟ್ಟಿದ್ದು ಎಲ್ಲಿ?

ಅರಾನ್ ಎಂದರೆ ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೊಲ್ಲಿಯ ಬಾಯಲ್ಲಿರುವ ಮೂರು ಪುಟ್ಟ ದ್ವೀಪಗಳು. ನಾಟಕಕಾರ ಜೆ. ಎಂ. ಸಿಂಜ್ ಅಲ್ಲಿಗೆ ಹಲವು ಸಲ ಹೋಗಿ ಉಳಿದಿದ್ದರು. ಅವರ 'ರೈಡರ್ಸ್ ಟು ದ ಸೀ' ನಾಟಕ 1904ರಲ್ಲಿ ಡಬ್ಲಿನ್‌ನಲ್ಲಿ ರಂಗವೇರಿತು. ಅದರಲ್ಲಿ ಇಬ್ಬರು ಅಕ್ಕತಂಗಿಯರು, ದೂರದಲ್ಲಿ ಸಿಕ್ಕ ಹೆಣದಿಂದ ತೆಗೆದ ಬಟ್ಟೆಗಳನ್ನು ಬಿಚ್ಚಿ ನೋಡುತ್ತಾರೆ. ಅದು ತಮ್ಮ ಅಣ್ಣನದೇ ಎಂದು ಗೊತ್ತಾಗುವುದು ಕಾಲುಚೀಲದಿಂದ. ಹೆಣೆದವಳಿಗೆ ತಾನು ಎಷ್ಟು ಕುಣಿಕೆ ಹಾಕಿದ್ದೆ, ಅದರಲ್ಲಿ ನಾಲ್ಕನ್ನು ಹೇಗೆ ಬಿಟ್ಟಿದ್ದೆ ಎಂಬ ಲೆಕ್ಕ ನೆನಪಿರುತ್ತದೆ.

ಇಲ್ಲಿ ಗಮನಿಸಿ: ನಾಟಕದಲ್ಲಿರುವುದು ಕಾಲುಚೀಲ, ಸ್ವೆಟರ್ ಅಲ್ಲ. ಗುರುತು ಸಿಕ್ಕಿದ್ದು ಮನೆತನದ ವಿನ್ಯಾಸದಿಂದಲೂ ಅಲ್ಲ, ಹೆಣೆದ ಕೈಯ ಲೆಕ್ಕದಿಂದ. ಅದನ್ನು ನಂಬಬಹುದು. ತಾನು ಹೆಣೆದದ್ದನ್ನು ತಾನೇ ಗುರುತಿಸದವರು ಯಾರಿದ್ದಾರೆ? ಬ್ರಿಟನ್ನಿನ ಮೀನುಗಾರರ ಸ್ವೆಟರುಗಳಲ್ಲಂತೂ ಕೆಲವೊಮ್ಮೆ ಕೆಳ ಅಂಚಿನ ಮೇಲೆ ಹೆಸರಿನ ಮೊದಲಕ್ಷರಗಳನ್ನೇ ಹೆಣೆಯುತ್ತಿದ್ದರು.

ಕಥೆಗೆ ಇನ್ನಷ್ಟು ಬಣ್ಣ ಹಚ್ಚಿದವರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದ ಹೈಂಜ್ ಎಡ್ಗರ್ ಕೀವೆ. 1936ರಲ್ಲಿ ಡಬ್ಲಿನ್‌ನ ಅಂಗಡಿಯೊಂದರಲ್ಲಿ ಅವರು ಒಂದು ಅರಾನ್ ಸ್ವೆಟರ್ ಕಂಡರು. ಪ್ರಾಚೀನ ಕೆಲ್ಸ್ ಗ್ರಂಥದ ಚಿತ್ರಗಳಲ್ಲೂ ಇದೇ ಹೆಣಿಗೆ ಇದೆ ಎಂದು ತೀರ್ಮಾನಿಸಿ, 1967ರಲ್ಲಿ ಹೆಣಿಗೆಯ 'ಪವಿತ್ರ ಇತಿಹಾಸ'ವನ್ನೇ ಬರೆದರು. ಕೆಲ್ಸ್ ಗ್ರಂಥ ಸುಮಾರು 1200 ವರ್ಷ ಹಳೆಯದು. ನಮಗೆ ಸಿಕ್ಕಿರುವ ಅತಿ ಹಳೆಯ ನಿಜವಾದ ಕಡ್ಡಿ ಹೆಣಿಗೆಯ ತುಂಡುಗಳೋ ಈಜಿಪ್ಟಿನವು, ಹೆಚ್ಚೆಂದರೆ 1000 ವರ್ಷದಷ್ಟು ಹಿಂದಿನವು. ಲೆಕ್ಕ ಕೂಡುವುದಿಲ್ಲ.

1987ರಲ್ಲಿ ಹೆಣಿಗೆಯ ಇತಿಹಾಸ ಬರೆದ ರಿಚರ್ಡ್ ರಟ್ (ಅವರು ಬಿಷಪ್ ಆಗಿದ್ದರು, ಹೆಣಿಗೆ ಅವರ ಹವ್ಯಾಸ) ಈ ವಾದವನ್ನು ಒಪ್ಪಲಿಲ್ಲ. 1997ರಲ್ಲಿ ಅರಾನ್ ಹೆಣಿಗೆಯ ಬಗ್ಗೆಯೇ ಪುಸ್ತಕ ತಂದ ವಿನ್ಯಾಸಕಿ ಆಲಿಸ್ ಸ್ಟಾರ್ಮೋರ್ ಕೂಡ ಇದನ್ನು ಕಟ್ಟುಕಥೆ ಎಂದರು. ಇಂದು ನಾವು ಕಾಣುವ, ಮೈತುಂಬ ವಿನ್ಯಾಸವಿರುವ ಅರಾನ್ ಸ್ವೆಟರ್ ರೂಪುಗೊಂಡದ್ದು 20ನೇ ಶತಮಾನದ ಆರಂಭದ ಆಸುಪಾಸಿನಲ್ಲಿ. 1930ರ ದಶಕದಲ್ಲಿ ಮ್ಯೂರಿಯಲ್ ಗಹಾನ್ ಎಂಬ ಮಹಿಳೆ ಡಬ್ಲಿನ್‌ನ ತಮ್ಮ 'ಕಂಟ್ರಿ ಶಾಪ್'ನಲ್ಲಿ ಇವನ್ನು ಮಾರಿಸಿದರು. 1960ರ ದಶಕದಲ್ಲಿ ಕ್ಲಾನ್ಸಿ ಸಹೋದರರೆಂಬ ಗಾಯಕರು ಇದೇ ಸ್ವೆಟರ್ ತೊಟ್ಟು ಹಾಡಿದ ಮೇಲೆ ಅಮೆರಿಕದಲ್ಲೂ ಬೇಡಿಕೆ ಬಂತು.

ಕಡಲಿಗೆ ಗಂಡಸರನ್ನು ಕಳೆದುಕೊಂಡ ಮನೆಗಳು ಆ ದ್ವೀಪಗಳಲ್ಲಿ ಇದ್ದದ್ದು ನಿಜ. ಆದರೆ ಹೆಂಗಸರು ಈ ಸ್ವೆಟರುಗಳನ್ನು ಹೆಣೆದದ್ದು ಹೆಣ ಗುರುತಿಸಲಿಕ್ಕಲ್ಲ. ಮನೆಯವರಿಗೆ ಬೆಚ್ಚಗಿರಲೆಂದು ಹೆಣೆದರು, ನಾಲ್ಕು ಕಾಸು ಕೈಗೆ ಬರಲೆಂದು ಹೆಣೆದರು, ಪಕ್ಕದವಳ ಸ್ವೆಟರಿನಲ್ಲಿ ಕಂಡ ಹೊಸ ವಿನ್ಯಾಸವನ್ನು ತಾವೂ ಮಾಡಿ ನೋಡಿದರು. ಇವತ್ತು 'ನಿಮ್ಮ ಮನೆತನದ್ದೇ ಪುರಾತನ ವಿನ್ಯಾಸ' ಎಂದು ಸ್ವೆಟರ್ ಮಾರುವವರೂ ಇದ್ದಾರೆ. ಸ್ವೆಟರ್ ಇಷ್ಟವಾದರೆ ಕೊಳ್ಳಿ, ಪುರಾತನ ಎಂಬ ಮಾತಿಗೆ ಬೇರೆ ದುಡ್ಡು ಕೊಡಬೇಡಿ.

ಹಾಗಾದರೆ ಆ ಉಬ್ಬುತಗ್ಗುಗಳಿಂದ ಏನು ಉಪಯೋಗ?

ಕಂಬಳಿ ನೇಯ್ದದ್ದು, ಸ್ವೆಟರ್ ಹೆಣೆದದ್ದು. ನೇಯ್ಗೆಯಲ್ಲಿ ಹಾಸು ಹೊಕ್ಕಿನ ಎಳೆಗಳು ಹೆಚ್ಚುಕಡಿಮೆ ನೇರವಾಗಿರುತ್ತವೆ, ಆದ್ದರಿಂದ ಕಂಬಳಿ ಅಷ್ಟಾಗಿ ಹಿಗ್ಗುವುದಿಲ್ಲ. ಹೆಣಿಗೆಯಲ್ಲಿ ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ಹಿಗ್ಗುವುದು ನೂಲಲ್ಲ, ಕುಣಿಕೆಯ ಆಕಾರ ಬದಲಾಗುತ್ತದೆ. ಇರುವುದು ಎರಡೇ ಮೂಲ ಹೆಣಿಗೆ: ಸೀದಾ ಮತ್ತು ಉಲ್ಟಾ. ಸೀದಾ ಹೆಣಿಗೆಯನ್ನು ಹಿಂದಿನಿಂದ ನೋಡಿದರೆ ಅದೇ ಉಲ್ಟಾ.

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಮುಂಭಾಗ ನುಣುಪಾಗಿ ಬರುತ್ತದೆ, ಆದರೆ ಅಂಚುಗಳು ಸುರುಳಿ ಸುತ್ತುತ್ತವೆ. ಹೊಸಬರು ತಮ್ಮ ಕೈ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಕೈಯದಲ್ಲ, ಅದು ಆ ಹೆಣಿಗೆಯ ಸ್ವಭಾವ. ಒಂದು ಸೀದಾ ಒಂದು ಉಲ್ಟಾ ಹೆಣೆಯುತ್ತಾ, ಮುಂದಿನ ಸಾಲಿನಲ್ಲಿ ಅದನ್ನು ಅದಲುಬದಲು ಮಾಡಿದರೆ ಕಾಳು ಚೆಲ್ಲಿದಂಥ ಮೈ ಬರುತ್ತದೆ. ಎರಡೂ ಕಡೆಯ ಎಳೆತ ಸಮವಾಗಿ, ಬಟ್ಟೆ ಚಪ್ಪಟೆಯಾಗಿ ಕೂರುತ್ತದೆ. ಮೊದಲ ಮಫ್ಲರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಸೀದಾದ ಮೇಲೆ ಸೀದಾ, ಉಲ್ಟಾದ ಮೇಲೆ ಉಲ್ಟಾ ಬರುವಂತೆ ಉದ್ದುದ್ದ ಪಟ್ಟಿ ಹೆಣೆದರೆ ಬಟ್ಟೆ ನಿರಿಗೆಯಂತೆ ಕುಗ್ಗಿ ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಮುಂಗೈ, ಕತ್ತು, ಟೋಪಿಯ ಅಂಚಿಗೆ ಅದೇ ಬೇಕು.

ಅರಾನ್‌ನ ಹಗ್ಗದಂಥ ವಿನ್ಯಾಸ ಕೇಬಲ್. ನೋಡಲು ಕಷ್ಟ, ಮಾಡಲು ಸುಲಭ. ಎರಡೋ ಮೂರೋ ಕುಣಿಕೆಗಳನ್ನು ಬೇರೊಂದು ಚಿಕ್ಕ ಕಡ್ಡಿಗೆ ಹಾಕಿ ಮುಂದೆ ಬಿಟ್ಟು, ಅವುಗಳ ಪಕ್ಕದವನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆಯುವುದು. ಮುಂದಿನ ಬದಲು ಹಿಂದೆ ಬಿಟ್ಟರೆ ಹಗ್ಗ ಇನ್ನೊಂದು ಕಡೆಗೆ ತಿರುಗುತ್ತದೆ. ಕುಣಿಕೆಗಳು ಒಂದರ ಮೇಲೊಂದು ಬರುವುದರಿಂದ ಬಟ್ಟೆ ದಪ್ಪವಾಗಿ, ನಡುವೆ ಗಾಳಿ ನಿಂತು ಬೆಚ್ಚಗಿರುತ್ತದೆ. ಅಷ್ಟೇ ಅಲ್ಲ, ಅಗಲ ಕುಗ್ಗುತ್ತದೆ, ನೂಲು ಹೆಚ್ಚು ಹಿಡಿಯುತ್ತದೆ. ಸಾದಾ ಸ್ವೆಟರಿನ ಲೆಕ್ಕದಲ್ಲಿ ಕುಣಿಕೆ ಹಾಕಿ ಕೇಬಲ್ ಹೆಣೆದರೆ ಮೈಗೆ ಬಿಗಿಯಾಗುವುದು ಖಂಡಿತ. ಆದ್ದರಿಂದ ಅದೇ ವಿನ್ಯಾಸದಲ್ಲಿ ಅಂಗೈಗಿಂತ ತುಸು ದೊಡ್ಡ ತುಂಡು ಹೆಣೆದು, ಒಗೆದು, ಒಣಗಿಸಿ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂತೆಂದು ಎಣಿಸಿಯೇ ಮುಂದುವರಿಯಿರಿ.

ನೂಲು ತಿಳಿ ಬಣ್ಣದ್ದು, ಒಂದೇ ಬಣ್ಣದ್ದು ಇರಲಿ. ಕಪ್ಪು ನೂಲಿನಲ್ಲಿ, ಬಣ್ಣಬಣ್ಣದ ನೂಲಿನಲ್ಲಿ ವಿನ್ಯಾಸ ಕಾಣದೆ ನಿಮ್ಮ ಶ್ರಮ ಹಾಳು. ಹತ್ತಿ ನೂಲಿಗೆ ಉಣ್ಣೆಯ ಪುಟಿತವಿಲ್ಲ, ಅಂಚು ಬೇಗ ಸಡಿಲವಾಗುತ್ತದೆ. ಇನ್ನು ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವ ನೂಲು ಬಹಳಷ್ಟು ಸಲ ಅಕ್ರಿಲಿಕ್ ಆಗಿರುತ್ತದೆ, ಲೇಬಲ್ ಓದಿ. ಅಕ್ರಿಲಿಕ್ ಆದರೆ ಬಿಸಿ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ: ಶಾಖಕ್ಕೆ ಎಳೆ ಮೆತ್ತಗಾಗಿ ಕೇಬಲ್ ಚಪ್ಪಟೆಯಾದರೆ ಮತ್ತೆ ಮೇಲೇಳುವುದಿಲ್ಲ.