ಕಾನ್ವೆಂಟ್ ಶಾಲೆಯ ಪುಟ್ಟ ಮಕ್ಕಳ ಮನಸ್ಸಿನ ಆರೋಗ್ಯ: ಕೇಳಿಬರುವ ಮಾತುಗಳಲ್ಲಿ ನಿಜ ಎಷ್ಟು?

"ಎರಡನೇ ಕ್ಲಾಸಿನ ಮಗುವಿಗೆ ಏನು ಟೆನ್ಷನ್?", "ಕಾನ್ವೆಂಟ್‌ಗೆ ಹಾಕಿದ್ದೀವಿ, ದಿನಾ ಪ್ರಾರ್ಥನೆ ಮಾಡಿಸ್ತಾರೆ, ಮನಸ್ಸು ತಾನಾಗಿಯೇ ಸರಿ ಇರುತ್ತೆ", "ಅದು ಮೈನಾರಿಟಿ ಶಾಲೆ, ಮಕ್ಕಳಿಗೆ ಹೊಡೆದರೂ ಕಾನೂನು ಏನೂ ಮಾಡಲ್ಲ". ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳು ಓಡಾಡುತ್ತಲೇ ಇರುತ್ತವೆ. ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ತೊಂದರೆ ಕೊಡುವುದರಿಂದ ಒಂದೊಂದಾಗಿ ನೋಡೋಣ.

ಮೊದಲು ಒಂದು ಸ್ಪಷ್ಟನೆ. ನಮ್ಮಲ್ಲಿ ಯಾವ ಇಂಗ್ಲಿಷ್ ಮಾಧ್ಯಮ ಶಾಲೆಗಾದರೂ 'ಕಾನ್ವೆಂಟ್' ಎನ್ನುವ ರೂಢಿ ಇದೆ. ಇಲ್ಲಿ ನಾವು ಹೇಳುತ್ತಿರುವುದು ಕ್ಯಾಥೋಲಿಕ್ ಧರ್ಮಸಭೆಯ ಸಿಸ್ಟರ್‌ಗಳು, ಫಾದರ್‌ಗಳು ಅಥವಾ ಧರ್ಮಪ್ರಾಂತ್ಯಗಳು ನಡೆಸುವ ಪ್ರಾಥಮಿಕ ಶಾಲೆಗಳ ಬಗ್ಗೆ. ಕರ್ನಾಟಕಕ್ಕೆ ಇವು ಹೊಸವಲ್ಲ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಫ್ರಾನ್ಸಿನಿಂದ ಮಂಗಳೂರಿಗೆ ಬಂದದ್ದು 1870ರಲ್ಲಿ. ಜೆಸ್ವಿಟ್ ಗುರುಗಳ ಸಂತ ಅಲೋಶಿಯಸ್ ಸಂಸ್ಥೆ ಶುರುವಾದದ್ದು 1880ರಲ್ಲಿ. ಇಂದು ಈ ಶಾಲೆಗಳ ಬೆಂಚುಗಳಲ್ಲಿ ಎಲ್ಲ ಧರ್ಮದ ಮಕ್ಕಳೂ ಒಟ್ಟಿಗೆ ಕೂರುತ್ತಾರೆ. ಹಾಗಾಗಿ ಈ ವಿಷಯ ಕ್ರೈಸ್ತ ಕುಟುಂಬಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಚಿಕ್ಕ ಮಕ್ಕಳಿಗೆ ಮಾನಸಿಕ ತೊಂದರೆ ಬರುವುದೇ ಇಲ್ಲವೇ?

ಬರುತ್ತದೆ. ಇದಕ್ಕೆ ವಿದೇಶದ ಅಂಕಿಅಂಶ ಹುಡುಕಬೇಕಾಗಿಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮೀಣ ಪ್ರದೇಶದಲ್ಲಿ 16 ವರ್ಷದವರೆಗಿನ 2,064 ಮಕ್ಕಳನ್ನು ಪರೀಕ್ಷಿಸಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಅಂದರೆ ಎಂಟು ಮಕ್ಕಳಲ್ಲಿ ಒಂದು. ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಎಂಬ ದೊಡ್ಡ ವ್ಯತ್ಯಾಸವೂ ಇರಲಿಲ್ಲ. 40 ಮಕ್ಕಳ ತರಗತಿಗೆ ಇದೇ ಲೆಕ್ಕ ಹಾಕಿದರೆ ಐದು ಮಕ್ಕಳಾಗುತ್ತಾರೆ.

ಮಾನಸಿಕ ತೊಂದರೆ ಎಂದ ಕೂಡಲೇ 'ಹುಚ್ಚು' ಎಂದುಕೊಳ್ಳಬೇಡಿ. ಈ ಅಧ್ಯಯನದಲ್ಲಿ ಹೆಚ್ಚಾಗಿ ಕಂಡದ್ದು ದೊಡ್ಡವರಾದ ಮೇಲೂ ರಾತ್ರಿ ಹಾಸಿಗೆ ಒದ್ದೆ ಮಾಡುವುದು, ನಾಯಿ ಅಥವಾ ಕತ್ತಲಂಥ ಒಂದು ನಿರ್ದಿಷ್ಟ ವಸ್ತುವಿನ ಬಗ್ಗೆ ಮಿತಿಮೀರಿದ ಭಯ, ಅತಿ ಚಟುವಟಿಕೆ, ಉಗ್ಗು, ಹಟಮಾರಿ ವರ್ತನೆಯಂಥವು. ಯಾವ ತರಗತಿಯ ಟೀಚರಿಗೂ ಇವು ಹೊಸದಲ್ಲ. ಇವಕ್ಕೆ 'ತೊಂದರೆ' ಎಂಬ ಹೆಸರಿದೆ, ಸಹಾಯವಿದೆ ಎನ್ನುವುದು ಮಾತ್ರ ಬಹಳ ಮನೆಗಳಿಗೆ ಹೊಸದು. ಹಾಸಿಗೆ ಒದ್ದೆ ಮಾಡುವ ಮಗುವನ್ನು ನೆಂಟರ ಮುಂದೆ ನಾಚಿಸಿದರೆ ಅಭ್ಯಾಸ ಬಿಡುತ್ತದೆ ಎಂದು ನಂಬಿದವರು ಈಗಲೂ ಇದ್ದಾರೆ. ಬಿಡುವುದಿಲ್ಲ. ಐದು ವರ್ಷದ ಒಳಗಿನ ಮಕ್ಕಳಲ್ಲಂತೂ ವೈದ್ಯರು ಇದನ್ನು ಕಾಯಿಲೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸೋಮವಾರದ ಹೊಟ್ಟೆನೋವು ನಾಟಕವೇ?

ಆರು ವರ್ಷದ ಮಗು "ನನಗೆ ಆತಂಕವಾಗುತ್ತಿದೆ" ಎಂದು ಹೇಳುವುದಿಲ್ಲ. "ಹೊಟ್ಟೆ ನೋಯ್ತಿದೆ" ಎನ್ನುತ್ತದೆ. ಆ ನೋವು ಸುಳ್ಳಲ್ಲ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರಿ ಜೀರ್ಣಾಂಗದ ಚಲನೆ ಬದಲಾಗುತ್ತದೆ, ಹೊಟ್ಟೆ ನಿಜಕ್ಕೂ ಹಿಂಡಿದಂತಾಗುತ್ತದೆ. ಪರೀಕ್ಷೆಯ ದಿನ ನಿಮಗೆ ಆಗುತ್ತಿದ್ದದ್ದೂ ಇದೇ. ಭಾನುವಾರ ಆಡಿಕೊಂಡಿದ್ದು ಸೋಮವಾರ ಬೆಳಿಗ್ಗೆ ಯೂನಿಫಾರಂ ಹಾಕುವಾಗ ಮಾತ್ರ ನೋವು ಬರುತ್ತದೆ ಎಂದಾದರೆ, ಮೊದಲು ಡಾಕ್ಟರಿಗೆ ತೋರಿಸಿ ದೈಹಿಕ ಕಾರಣ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಆಮೇಲೆ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿ. ಶೌಚಾಲಯಕ್ಕೆ ಹೋಗಲು ಹೆದರಿಕೆ, ವ್ಯಾನಿನಲ್ಲಿ ಗೇಲಿ ಮಾಡುವ ದೊಡ್ಡ ಹುಡುಗರು, ಜೋರಾಗಿ ಓದಿಸುವ ಪೀರಿಯಡ್ಡು: ಕಾರಣ ಬಹಳ ಸಲ ಇಷ್ಟು ಸಣ್ಣದಾಗಿರುತ್ತದೆ, ದೊಡ್ಡವರ ಕಣ್ಣಿಗೆ.

ಕಾನ್ವೆಂಟ್‌ನಲ್ಲಿ ಇನ್ನೊಂದು ತೊಡಕಿದೆ, ಅದು ಭಾಷೆ. ಮನೆಯಲ್ಲಿ ಕನ್ನಡ, ತುಳು, ಕೊಂಕಣಿ, ಉರ್ದು ಅಥವಾ ತಮಿಳು ಆಡುವ ಮಗು ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕು. "ಮೇ ಐ ಗೋ ಟು ಟಾಯ್ಲೆಟ್" ಎಂಬ ವಾಕ್ಯ ಬಾಯಿಪಾಠ ಬಂದಿರುತ್ತದೆ. ಆದರೆ "ಅವನು ನನ್ನನ್ನು ಆಟಕ್ಕೆ ಸೇರಿಸಿಕೊಳ್ಳಲ್ಲ, ನನಗೆ ಸಂಕಟ ಆಗತ್ತೆ" ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಒಂದನೇ ಕ್ಲಾಸಿನ ಮಗುವಿಗೆ ಪದ ಎಲ್ಲಿಂದ ಬರಬೇಕು? ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ 'ಹ್ಯಾಪಿ, ಸ್ಯಾಡ್, ಆಂಗ್ರಿ' ಎಂದು ಮೂರು ಮುಖಗಳಿರುತ್ತವೆ. ಕನ್ನಡದಲ್ಲಿ ಬೇಜಾರು, ಮುನಿಸು, ದಿಗಿಲು, ಕಸಿವಿಸಿ, ಹೊಟ್ಟೆಕಿಚ್ಚು, ಪುಕುಪುಕು ಎಂದು ಒಂದೊಂದಕ್ಕೂ ಒಂದೊಂದು ಮಾತಿದೆ, ಮಗುವಿಗೆ ಅವು ಗೊತ್ತೂ ಇವೆ.

ಭಾವನೆಗೆ ಹೆಸರಿಡುವುದು ಬರೀ ಮಾತಿನ ಚಂದಕ್ಕಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಮಿದುಳು ಸ್ಕ್ಯಾನ್ ಪ್ರಯೋಗವೊಂದರಲ್ಲಿ, ಕೋಪ ಅಥವಾ ಭಯದ ಮುಖ ಕಂಡಾಗ ಆ ಭಾವನೆಯ ಹೆಸರು ಹೇಳಿದರೆ, ಭಯಕ್ಕೆ ಸ್ಪಂದಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ಕಡಿಮೆಯಾಯಿತು. ಪ್ರಯೋಗ ನಡೆದದ್ದು ವಯಸ್ಕರ ಮೇಲೆ, ಅದನ್ನು ಮರೆಯಬಾರದು. ಆದರೂ ತನಗೆ ಏನಾಗುತ್ತಿದೆ ಎಂದು ಹೇಳಲು ಬರುವ ಮಗು ಕಿರುಚುವ, ಕಚ್ಚುವ ಅಗತ್ಯ ಕಡಿಮೆ ಎಂಬುದನ್ನು ಯಾವ ಅಂಗನವಾಡಿ ಕಾರ್ಯಕರ್ತೆಯೂ ಒಪ್ಪಿಯಾರು. ಇಂಗ್ಲಿಷ್ ಕಲಿಯುವುದು ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ ಕನ್ನಡ ಮಾತಾಡಿದರೆ ದಂಡ ಎಂಬ ನಿಯಮ ಇರುವ ಕಡೆ, ಅಳುತ್ತಿರುವ ಮಗುವಿಗೂ ಆ ನಿಯಮ ಅನ್ವಯಿಸಿದರೆ ಅದು ಮಗುವಿನ ಬಾಯಿ ಕಟ್ಟಿದಂತೆಯೇ.

ಪ್ರಾರ್ಥನೆ ಇದ್ದರೆ ಆಪ್ತಸಮಾಲೋಚಕರು ಬೇಡವೇ?

ಬೆಳಗಿನ ಪ್ರಾರ್ಥನೆ, ಒಂದು ನಿಮಿಷದ ಮೌನ, ಒಟ್ಟಿಗೆ ಹಾಡುವುದು ಮಕ್ಕಳಿಗೆ ದಿನಕ್ಕೊಂದು ಲಯ ಕೊಡುತ್ತವೆ. ಅದರಲ್ಲಿ ನೆಮ್ಮದಿ ಕಾಣುವ ಮಕ್ಕಳು ಖಂಡಿತ ಇದ್ದಾರೆ. ಆದರೆ ಪ್ರಾರ್ಥನೆ ಚಿಕಿತ್ಸೆಗೆ ಬದಲಿ ಎಂದು ಸ್ವತಃ ಕ್ಯಾಥೋಲಿಕ್ ಧರ್ಮಸಭೆಯೂ ಹೇಳುವುದಿಲ್ಲ. "ದೆವ್ವ ಹಿಡಿದಿದೆ" ಎಂಬ ಸಂದರ್ಭದಲ್ಲೂ, ಭೂತೋಚ್ಚಾಟನೆಗೆ ಮೊದಲು ಅದು ಕಾಯಿಲೆಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕು, ಮಾನಸಿಕ ಕಾಯಿಲೆಯಾದರೆ ಅದು ವೈದ್ಯಶಾಸ್ತ್ರದ ಕೆಲಸ ಎಂದು ಧರ್ಮಸಭೆಯ ಅಧಿಕೃತ ಬೋಧನಾ ಗ್ರಂಥದ 1673ನೇ ಪರಿಚ್ಛೇದ ಹೇಳುತ್ತದೆ. ಮಗುವಿನ ಅತಿ ಭಯವನ್ನೋ ಹಟವನ್ನೋ 'ಭಕ್ತಿ ಸಾಲದು' ಎಂದು ತಳ್ಳಿಹಾಕುವವರಿಗೆ ಇದನ್ನು ತೋರಿಸಬಹುದು.

ಹೆಚ್ಚು ಗೊಂದಲ ಇರುವುದು ಪಾಪನಿವೇದನೆಯ ವಿಷಯದಲ್ಲಿ. ಕ್ಯಾಥೋಲಿಕ್ ಮಕ್ಕಳು ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ, ಮೊದಲ ಪರಮಪ್ರಸಾದಕ್ಕೆ ಮುಂಚೆ, ಗುರುಗಳ ಬಳಿ ತಪ್ಪೊಪ್ಪಿಕೊಳ್ಳುವುದನ್ನು ಕಲಿಯುತ್ತಾರೆ. ಹಾಗಾಗಿ "ಮನಸ್ಸಿನಲ್ಲಿರುವುದನ್ನು ಫಾದರ್ ಹತ್ತಿರ ಹೇಳ್ತಾರಲ್ಲ, ಇನ್ನು ಕೌನ್ಸೆಲರ್ ಯಾಕೆ?" ಎಂಬ ಪ್ರಶ್ನೆ ಬರುತ್ತದೆ. ಎರಡೂ ಬೇರೆ ಬೇರೆ. ಪಾಪನಿವೇದನೆಯಲ್ಲಿ ಮಗು ಹೇಳುವುದು ತಾನು ಮಾಡಿದ ತಪ್ಪನ್ನು, ಅದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಆಪ್ತಸಮಾಲೋಚನೆಯಲ್ಲಿ ಮಗು ಹೇಳುವುದು ತನಗೆ ಏನಾಗಿದೆ ಎನ್ನುವುದನ್ನು. ಬೇರೆಯವರು ತನಗೆ ಮಾಡಿದ ಕೆಡುಕನ್ನು ತನ್ನದೇ ಪಾಪ ಎಂದುಕೊಳ್ಳುವ ಪುಟ್ಟ ಮಕ್ಕಳಿದ್ದಾರೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಈ ಅಪರಾಧಿ ಭಾವ ಸಾಮಾನ್ಯ. "ಅದು ನಿನ್ನ ತಪ್ಪಲ್ಲ" ಎಂಬ ಮಾತು ಧರ್ಮೋಪದೇಶದ ತರಗತಿಯಲ್ಲೇ ಮಕ್ಕಳ ಕಿವಿಗೆ ಬೀಳಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಕಾನೂನಿನ ಮಾತೂ ಇದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಟೀಚರ್, ಆಪ್ತಸಮಾಲೋಚಕರು, ಮುಖ್ಯ ಶಿಕ್ಷಕರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. "ಶಾಲೆಯ ಮರ್ಯಾದೆ ಪ್ರಶ್ನೆ, ಒಳಗೇ ಸರಿಮಾಡೋಣ" ಎನ್ನಲು ಅವಕಾಶವಿಲ್ಲ.

ಬೇರೆ ಧರ್ಮದ ಮಕ್ಕಳ ಕಥೆ ಏನು? ಸಂವಿಧಾನದ 28(3)ನೇ ವಿಧಿಯಂತೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಭಾರತದ ಕ್ಯಾಥೋಲಿಕ್ ಬಿಷಪ್‌ಗಳ ಮಂಡಳಿಯೂ 2024ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು: ಕ್ರೈಸ್ತ ಆಚರಣೆಗಳನ್ನು ಇತರ ಮಕ್ಕಳ ಮೇಲೆ ಹೇರಬೇಡಿ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ ಎಂದು. ತನ್ನ ಮನೆಯ ದೇವರ ಬಗ್ಗೆ ಶಾಲೆಯಲ್ಲಿ ನಾಚಿಕೆ ಪಡಬೇಕಾದ ಮಗು ನೆಮ್ಮದಿಯಿಂದ ಇರಲು ಹೇಗೆ ಸಾಧ್ಯ?

"ಮೈನಾರಿಟಿ ಶಾಲೆ, ಹೊಡೆದರೂ ಕೇಳುವಂತಿಲ್ಲ"

ಅರ್ಧ ನಿಜದ ಮಾತು ಇದೇ. ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್. ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯವಾಗದು ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದ್ದೂ ನಿಜ. ಇಲ್ಲಿಗೆ ನಿಲ್ಲಿಸಿದರೆ ಫಾರ್ವರ್ಡ್ ಸರಿ ಎನಿಸುತ್ತದೆ. ಆದರೆ ಮಕ್ಕಳನ್ನು ಕಾಯುವ ಕಾನೂನು ಅದೊಂದೇ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್, ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ನೋವಾಗುವಂತೆ ನಡೆದುಕೊಂಡರೆ ಜೈಲು ಶಿಕ್ಷೆ ವಿಧಿಸುತ್ತದೆ. ಗಾಯ ಮಾಡಿದರೆ ಸಾಮಾನ್ಯ ದಂಡ ಸಂಹಿತೆಯೂ ಇದೆ. ಇವ್ಯಾವುದರಲ್ಲೂ ಶಾಲೆಯ ಧರ್ಮ ನೋಡಿ ವಿನಾಯಿತಿ ಕೊಟ್ಟಿಲ್ಲ.

"ಹಳೇ ಕಾನ್ವೆಂಟ್ ಶಿಸ್ತು ಅಂದ್ರೆ ಬೆತ್ತ" ಎಂದು ಹೆಮ್ಮೆಯಿಂದ ಹೇಳುವವರು ಡಾನ್ ಬಾಸ್ಕೊ ಹೆಸರಿನ ಶಾಲೆಗಳ ಮುಂದೆ ದಿನಾ ಓಡಾಡುತ್ತಿರಬಹುದು. 19ನೇ ಶತಮಾನದ ಇಟಲಿಯ ಟ್ಯೂರಿನ್‌ನಲ್ಲಿ ಬೀದಿ ಹುಡುಗರ ಜೊತೆ ಬದುಕಿದ ಈ ಪಾದ್ರಿ, ತಪ್ಪು ಮಾಡಿದ ಮೇಲೆ ದಂಡಿಸುವ ಬದಲು ತಪ್ಪು ಆಗದಂತೆ ಜೊತೆಗಿರುವ ಪದ್ಧತಿಯ ಬಗ್ಗೆ 1877ರಲ್ಲೇ ಬರೆದರು. ಅದರ ಮೂರು ಆಧಾರ ವಿವೇಚನೆ, ಧರ್ಮ ಮತ್ತು ಅಕ್ಕರೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಮಕ್ಕಳಿಗೆ ಗೊತ್ತಾಗಬೇಕು ಎಂಬುದು ಅವರ 1884ರ ಪತ್ರದ ತಿರುಳು. ಬೆತ್ತವಿಲ್ಲದ ತರಗತಿ 'ಈಗಿನ ಕಾಲದ ಫ್ಯಾಷನ್' ಎನ್ನುವವರಿಗೆ ಈ ಇಸವಿಗಳೇ ಉತ್ತರ.

ಹಾಗಾದರೆ ಶಾಲೆ ಏನು ಮಾಡಬೇಕು?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಶಿಕ್ಷಕರಿಗೂ ಇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡ್ ಮಾತು ಮುಗಿದ ಮೇಲೆ ಈ ಮೂರನ್ನು ಕೇಳಿ.

ಕೌನ್ಸೆಲರ್ ಕೋಣೆ ಇದ್ದ ಮಾತ್ರಕ್ಕೆ ಎಲ್ಲ ಆಯಿತು ಎಂದಲ್ಲ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹದಿಹರೆಯದ ವಿದ್ಯಾರ್ಥಿಗಳಿದ್ದ, ಅವರಲ್ಲಿ ಒಂದು ಗುಂಪಿಗೆ ಶಾಲೆಯಲ್ಲೇ ಮೈಂಡ್‌ಫುಲ್‌ನೆಸ್ ಪಾಠ ಮಾಡಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಪಾಠಕ್ಕಿಂತ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ದುಬಾರಿ 'ವೆಲ್‌ನೆಸ್ ಪ್ಯಾಕೇಜ್' ಮಾರಲು ಬಂದವರನ್ನು ಶಾಲೆಗಳು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಕಾನ್ವೆಂಟ್ ಶಾಲೆಗಳಲ್ಲಿ ಈಗಾಗಲೇ ಮಾರಲ್ ಸೈನ್ಸ್ ಅಥವಾ ಮೌಲ್ಯಶಿಕ್ಷಣದ ಪೀರಿಯಡ್ ಇರುತ್ತದೆ. ನೀತಿಕಥೆ ಹೇಳಿ ಪ್ರಶ್ನೋತ್ತರ ಬರೆಸುವ ಬದಲು ಅದರಲ್ಲಿ ಮಕ್ಕಳು ವೃತ್ತವಾಗಿ ಕೂತು, ಬೇಕಾದ ಭಾಷೆಯಲ್ಲಿ, ಈ ವಾರ ತಮಗೆ ಏನಾಯಿತು ಎಂದು ಹೇಳಬಹುದು. ಹೇಳಲು ಇಷ್ಟವಿಲ್ಲದ ಮಗು ಸುಮ್ಮನೆ ಕೇಳಿಸಿಕೊಳ್ಳಲಿ. ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಬಾರದು, ಅಷ್ಟೇ ಕರಾರು.

ಯಾವಾಗ ಸಹಾಯ ಕೇಳಬೇಕು?

ಒಂದೆರಡು ದಿನದ ಮಂಕು ಎಲ್ಲ ಮಕ್ಕಳಿಗೂ ಇರುತ್ತದೆ. ನಿದ್ದೆ, ಊಟ, ಆಟ, ಗೆಳೆತನ ಇವುಗಳಲ್ಲಿ ಆದ ಬದಲಾವಣೆ ವಾರಗಟ್ಟಲೆ ಮುಂದುವರಿದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬಂದರೆ, ಒಬ್ಬ ವ್ಯಕ್ತಿ ಅಥವಾ ಒಂದು ಜಾಗಕ್ಕೆ ಮಗು ಏಕಾಏಕಿ ಹೆದರತೊಡಗಿದರೆ ಕಾಯಬೇಡಿ. "ನಾನು ಸತ್ತರೆ ಚೆನ್ನಾಗಿರುತ್ತೆ" ಎಂಬ ಮಾತು ಏಳು ವರ್ಷದ ಬಾಯಲ್ಲಿ ಬಂದರೂ ಬೈಯದೆ, ನಗದೆ, ಯಾಕೆ ಹಾಗನ್ನಿಸಿತು ಎಂದು ಪಕ್ಕದಲ್ಲಿ ಕೂತು ಕೇಳಿ, ಅಂದೇ ತಜ್ಞರನ್ನು ಸಂಪರ್ಕಿಸಿ.

ಟೆಲಿ ಮಾನಸ್ ಸಹಾಯವಾಣಿ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರೆ ಎಂಬ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098. ಕರೆ ಮಾಡುವಾಗ ಮಗುವಿನ ವಯಸ್ಸು, ಬದಲಾವಣೆ ಯಾವಾಗಿನಿಂದ ಕಾಣುತ್ತಿದೆ, ಮನೆಯಲ್ಲಿ ಹೇಗಿದೆ, ಶಾಲೆಯಲ್ಲಿ ಹೇಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಾತಾಡಲು ಸುಲಭ.