ತಾಲ್ಲೂಕಿನ ಗೇಮಿಂಗ್ ಪಿಸಿ: ಬಿಡಿಭಾಗ ಆರಿಸುವ ವಿದ್ಯೆ ಬೆಳೆದ ಬಗೆ

ಈ ಶತಮಾನದ ಮೊದಲ ವರ್ಷಗಳಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ತಹಸೀಲ್ ಕಚೇರಿಗಳಲ್ಲಿ ಒಂದು ಹೊಸ ಕಿಟಕಿ ತೆರೆಯಿತು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರುತ್ತಿತ್ತು. ರಾಜ್ಯ ಸರಕಾರದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಆಗಿದ್ದ 177 ತಾಲ್ಲೂಕುಗಳಿಗೂ ಮುಟ್ಟಿಸಿತ್ತು. ಬೆಳೆಸಾಲಕ್ಕೆ ಅರ್ಜಿ ಹಾಕಲು ಬಂದ ತೊಗರಿ ಬೆಳೆಗಾರರು ಕಂಪ್ಯೂಟರನ್ನು ಹತ್ತಿರದಿಂದ ನೋಡಿದ್ದು ಈ ಸಾಲಿನಲ್ಲಿ ನಿಂತಾಗ. ಅದೇ ಊರುಗಳಲ್ಲಿ ಈಗ ಪಿಯುಸಿ ಓದುವ ಹುಡುಗರು ಯಾವ ಪ್ರೊಸೆಸರಿಗೆ ಯಾವ ಮದರ್‌ಬೋರ್ಡ್ ಕೂಡುತ್ತದೆ, ಯಾವ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ವ್ಯಾಟ್ ಬೇಕು ಎಂದು ಬಾಯಿಪಾಠದಂತೆ ಹೇಳುತ್ತಾರೆ. ಕಡಿಮೆ ರೊಕ್ಕದಲ್ಲಿ ಬಿಡಿಭಾಗ ಆರಿಸಿ, ಜೋಡಿಸಿ, ಆಟಕ್ಕೆ ತಕ್ಕ ಯಂತ್ರ ಮಾಡಿಕೊಳ್ಳುವ ಈ ತಿಳಿವಳಿಕೆಯನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅದು ಪೇಟೆಯಿಂದ ಪೇಟೆಗೆ, ಕೈಯಿಂದ ಕೈಗೆ ದಾಟಿ ಬಂದದ್ದು. ಆ ದಾರಿಯನ್ನು ಬರೆದಿಡಬೇಕಾದ ಕಾಲ ಈಗ ಬಂದಿದೆ.

ಮೂಲ ಹುಡುಕುತ್ತ ಹೋದರೆ 1981ರ ಆಗಸ್ಟಿಗೆ ಮುಟ್ಟುತ್ತೇವೆ. ಆ ತಿಂಗಳು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಅವಸರದಲ್ಲಿ ಮಾಡಿದ ಯಂತ್ರವದು: ಪ್ರೊಸೆಸರ್ ಇಂಟೆಲ್‌ನದು, ಉಳಿದ ಭಾಗಗಳಲ್ಲಿಯೂ ಬಹಳಷ್ಟು ಪೇಟೆಯಲ್ಲಿ ಸಿಗುವಂಥವೇ. ಒಳಗಿನ ವಿನ್ಯಾಸವನ್ನೂ ಕಂಪನಿ ಕೈಪಿಡಿಯಲ್ಲಿ ಅಚ್ಚು ಹಾಕಿಸಿತು. ಐಬಿಎಂ ತನ್ನ ಹಕ್ಕಿನಲ್ಲಿ ಉಳಿಸಿಕೊಂಡದ್ದು ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಒಂದೇ. ಕಾಂಪ್ಯಾಕ್ ಕಂಪನಿ ತನ್ನದೇ ಬಯಾಸ್ ಬರೆದುಕೊಂಡಿತು. 1984ರಲ್ಲಿ ಫೀನಿಕ್ಸ್ ಕಂಪನಿ ಅಂಥದೇ ಬಯಾಸನ್ನು ಯಾರಿಗೆ ಬೇಕಾದರೂ ಮಾರತೊಡಗಿತು. ಅಲ್ಲಿಂದ ತೈವಾನಿನ ಕಾರ್ಖಾನೆಗಳು ಮದರ್‌ಬೋರ್ಡುಗಳನ್ನು ರಾಶಿ ರಾಶಿಯಾಗಿ ಹೊರಹಾಕಿದವು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡ ಸ್ಕ್ರೂ ಹಾಕುವ ತೂತು ಎಲ್ಲಿರಬೇಕು, ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಕನೆಕ್ಟರ್ ಹೇಗಿರಬೇಕು ಎಂಬುದನ್ನೂ ಗೊತ್ತುಮಾಡಿತು. ಒಂದು ಕಂಪನಿಯ ಬೋರ್ಡು ಇನ್ನೊಂದರ ಕ್ಯಾಬಿನೆಟ್ಟಿನಲ್ಲಿ ಸಲೀಸಾಗಿ ಕೂರುವುದು ಇದರಿಂದಲೇ.

ಭಾರತದಲ್ಲಿ ಬಾಗಿಲು ನಿಧಾನವಾಗಿ ತೆರೆಯಿತು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟುಪಾಡು ಸಡಿಲಿಸಿ ಸುಂಕ ಇಳಿಸಿತು. 1991ರ ಉದಾರೀಕರಣ ಪರವಾನಗಿಗಳ ಗೋಜಲನ್ನು ಬಿಡಿಸಿತು. ಇವೆರಡಕ್ಕಿಂತ ಸದ್ದಿಲ್ಲದೆ, ಆದರೆ ಆಳವಾಗಿ ಕೆಲಸ ಮಾಡಿದ್ದು ವಿಶ್ವ ವ್ಯಾಪಾರ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದ. ಭಾರತ 1997ರಲ್ಲಿ ಅದಕ್ಕೆ ಸೇರಿತು, 2005ರ ಹೊತ್ತಿಗೆ ಕಂಪ್ಯೂಟರ್ ಮತ್ತು ಅದರ ಬಿಡಿಭಾಗಗಳ ಮೇಲಿನ ಆಮದು ಸುಂಕವನ್ನು ಹಂತಹಂತವಾಗಿ ಸೊನ್ನೆಗೆ ತಂದಿತು. ತಾಲ್ಲೂಕಿನ ಗಿರಾಕಿಗೂ ಪ್ರೊಸೆಸರ್ ಎಟುಕಿದ್ದರ ಹಿಂದೆ ಈ ಸಹಿ ಇದೆ.

ದಾರಿ ತೆರೆದರೂ ದೂರ ಉಳಿಯಿತು. ಆಳಂದ, ಜೇವರ್ಗಿಗಳಿಂದ ಕಲಬುರಗಿಗೆ ಸುಮಾರು 40 ಕಿ.ಮೀ.; ಅಫಜಲಪುರ ಇನ್ನೂ ಆಚೆ, ಭೀಮಾ ತೀರದ ಕಡೆ. ಕಲಬುರಗಿ ಪೇಟೆಗೆ ಮಾಲು ಬರುವ ದಾರಿಗಳು ಮೂರು. ಒಂದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಇರುವ ಎಸ್.ಪಿ. ರೋಡ್. ಇನ್ನೊಂದು ಮುಂಬಯಿಯ ಲ್ಯಾಮಿಂಗ್ಟನ್ ರೋಡ್. ಮೂರನೆಯದು ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ‘ಸಿಟಿಸಿ’. ಕಲಬುರಗಿ (ಆಗಿನ ಗುಲಬರ್ಗಾ) ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗ. ವ್ಯಾಪಾರ, ಓದು, ಆಸ್ಪತ್ರೆ ಎಂದು ಹೈದರಾಬಾದಿಗೆ ಹೋಗಿಬರುವ ರೂಢಿ ಹಳೆಯದು. ಆಳಂದ, ಅಫಜಲಪುರದ ಗಡಿಹಳ್ಳಿಗಳವರಿಗೆ ಸೊಲ್ಲಾಪುರವೂ ಪರವೂರೆನಿಸುವುದಿಲ್ಲ. ರಾಜಧಾನಿ ಬೆಂಗಳೂರೇ ಇವರಿಗೆ ಎಲ್ಲಕ್ಕಿಂತ ದೂರದ ಪೇಟೆ.

ಹೀಗೆ ಬಂದ ಯಂತ್ರಗಳು ಮೊದಲು ಸೇರಿದ್ದು ದುಡಿಮೆಗೆ. ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಡಿಟಿಪಿ ಶುರುವಾಯಿತು: ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ಜಾತ್ರೆಯ ಭಿತ್ತಿಪತ್ರ. ಕನ್ನಡ ಅಕ್ಷರಕ್ಕೆ ಪುಣೆಯ ಶ್ರೀಲಿಪಿ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದ್ದವು. ಆಡತಿ ಅಂಗಡಿಗಳಿಗೆ ಲೆಕ್ಕಪತ್ರದ ಟ್ಯಾಲಿ ಬಂತು. ಈ ಪೆಟ್ಟಿಗೆಗಳೆಲ್ಲ ಹೆಚ್ಚಾಗಿ ‘ಅಸೆಂಬಲ್ಡ್’. ‘ಬ್ರ್ಯಾಂಡೆಡ್’ ಎಂದರೆ ಬ್ಯಾಂಕಿಗೆ, ಕಚೇರಿಗೆ ಎಂಬ ಭಾವನೆ. ಕ್ಯಾಬಿನೆಟ್ ಮೇಲೆ ಐಬಾಲ್, ಇಂಟೆಕ್ಸ್, ಝೆಬ್ರಾನಿಕ್ಸ್, ಮರ್ಕ್ಯುರಿ ಎಂಬ ಹೆಸರುಗಳು. ಸಂಜೆ ಲಗ್ನಪತ್ರಿಕೆಯ ಕೆಲಸ ಮುಗಿದ ಮೇಲೆ ಅದೇ ಯಂತ್ರದಲ್ಲಿ ರೋಡ್ ರ‍್ಯಾಶ್ ಓಡುತ್ತಿತ್ತು, ಪ್ರಾಜೆಕ್ಟ್ ಐಜಿಐ ನಡೆಯುತ್ತಿತ್ತು. ಆಟದ ಕಂಪ್ಯೂಟರ್ ಈ ಸೀಮೆಗೆ ಕೆಲಸದ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತೇ ಬಂತು.

ಆಮೇಲೆ ಸೈಬರ್ ಕೆಫೆಗಳು. ಗಂಟೆಗೆ ಇಷ್ಟೆಂದು ಕೊಟ್ಟು, ಲ್ಯಾನ್ ವಯರಿನಲ್ಲಿ ಜೋಡಿಸಿದ ನಾಲ್ಕಾರು ಯಂತ್ರಗಳಲ್ಲಿ ಕೌಂಟರ್ ಸ್ಟ್ರೈಕ್ ಆಡುವುದು. ಹುಡುಗರು ‘ಮುಸ್ತಫಾ’ ಎಂದೇ ಕರೆಯುತ್ತಿದ್ದ ಆಟ ಜಪಾನಿನ ಕ್ಯಾಪ್‌ಕಾಮ್ 1993ರಲ್ಲಿ ಮಾಡಿದ ‘ಕ್ಯಾಡಿಲ್ಯಾಕ್ಸ್ ಆ್ಯಂಡ್ ಡೈನೋಸಾರ್ಸ್’. ನಾಣ್ಯ ಹಾಕುವ ಯಂತ್ರಗಳಿಂದ ಇಳಿದು ಅದು ಎಮ್ಯುಲೇಟರಿನ ಮೂಲಕ ಪಿಸಿಗೆ ಬಂದಿತ್ತು. ಇಂಥ ಆಟಗಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಿರಲಿಲ್ಲ. 2003ರ ವೈಸ್ ಸಿಟಿ, 2005ರ ಮೋಸ್ಟ್ ವಾಂಟೆಡ್ ಆಟಗಳು ಬಂದ ಮೇಲೆ ಮದರ್‌ಬೋರ್ಡಿನಲ್ಲೇ ಇದ್ದ ಗ್ರಾಫಿಕ್ಸ್ ಸಾಲದಾಯಿತು. ಮನೆಯಲ್ಲಿ ಕಂಪ್ಯೂಟರ್ ಕೇಳುವ ಮಗ ಓದಿನ ಹೆಸರು ಹೇಳುತ್ತಿದ್ದ. ಅಂಗಡಿಗೆ ಹೋದಾಗ ಕಾರ್ಡಿನ ಮಾತು ತೆಗೆಯುತ್ತಿದ್ದ.

ಆ ಕಾಲದಲ್ಲಿ ಆಯ್ಕೆ ಎಂಬುದು ಅಂಗಡಿಯವರ ಕೈಯಲ್ಲಿತ್ತು. “ತಮ್ಮಾ, ರೊಕ್ಕ ಎಷ್ಟದ?” ಎಂಬುದೇ ಮೊದಲ ಪ್ರಶ್ನೆ. ಉತ್ತರ ಕೇಳಿ ಅವರು ಬಿಳಿ ಹಾಳೆಯ ಮೇಲೆ ಕೊಟೇಶನ್ ಬರೆಯುತ್ತಿದ್ದರು: ಪ್ರೊಸೆಸರ್, ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಕ್ಯಾಬಿನೆಟ್, ಮಾನಿಟರ್, ಯುಪಿಎಸ್. ಆ ಪಟ್ಟಿಯಲ್ಲಿ ಎಸ್‌ಎಂಪಿಎಸ್‌ಗೆ ಬೇರೆ ಸಾಲೇ ಇರುತ್ತಿರಲಿಲ್ಲ, ಅದು ಕ್ಯಾಬಿನೆಟ್ ಜತೆಗೇ ಬರುವ ಡಬ್ಬಿ. ಮೇಲೆ 450 ವ್ಯಾಟ್ ಎಂಬ ಚೀಟಿ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಬರೆದಷ್ಟು ವ್ಯಾಟ್ ಅದರಿಂದ ಹೊರಡುವುದಿಲ್ಲವೆಂದು ಗೊತ್ತಾಗುತ್ತಿದ್ದುದು ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನ.

ಕಾರ್ಡಿನ ವಿಷಯದಲ್ಲಿ ಗಿರಾಕಿಗಳು ಮೋಸಹೋಗುತ್ತಿದ್ದುದು ಜಿಬಿ ಲೆಕ್ಕದಲ್ಲಿ. ‘2 ಜಿಬಿ ಕಾರ್ಡ್’, ‘4 ಜಿಬಿ ಕಾರ್ಡ್’ ಎಂದೇ ಮಾತು. 2014ರಲ್ಲಿ ಬಂದ ಜಿಟಿ 730 ಎಂಬ ಅಗ್ಗದ ಕಾರ್ಡು ಡಿಡಿಆರ್3 ಮೆಮೊರಿಯ 4 ಜಿಬಿ ರೂಪದಲ್ಲೂ ಸಿಗುತ್ತಿತ್ತು. ಅದೇ ವರ್ಷದ ಜಿಟಿಎಕ್ಸ್ 750 ಟಿಐ ಸಾಮಾನ್ಯವಾಗಿ 2 ಜಿಬಿಯದು, ಆದರೆ ಶಕ್ತಿಯಲ್ಲಿ ಎಷ್ಟೋ ಪಾಲು ಮೇಲು. ಜಿಬಿ ನೋಡಿ ಮೊದಲನೆಯದನ್ನು ತಂದವರು 2015ರ ಏಪ್ರಿಲಿನಲ್ಲಿ ಪಿಸಿಗೆ ಬಂದ ಜಿಟಿಎ 5 ಹಾಕಿ ಕೂತಾಗ ಪರದೆ ತಡವರಿಸುವುದನ್ನು ಕಂಡರು. ಮೆಮೊರಿಗಿಂತ ಚಿಪ್ಪಿನ ಹೆಸರು ಮುಖ್ಯ ಎಂಬ ಪಾಠ ಹೀಗೆ ಕಾಸು ತೆತ್ತು ಕಲಿತದ್ದು.

750 ಟಿಐಗೆ ಇನ್ನೊಂದು ಗುಣವಿತ್ತು, ಈ ಸೀಮೆಗೆ ಅದೇ ದೊಡ್ಡದು. ಅದು ಎಳೆಯುವುದು 60 ವ್ಯಾಟ್ ಮಾತ್ರ. ಮದರ್‌ಬೋರ್ಡಿನ ಸ್ಲಾಟೇ 75 ವ್ಯಾಟ್ ಕೊಡಬಲ್ಲದ್ದರಿಂದ ಎಸ್‌ಎಂಪಿಎಸ್‌ನಿಂದ ಬೇರೆ ವಯರು ಬೇಕಿಲ್ಲ. ದೊಡ್ಡ ಕಂಪನಿಗಳು ಕಚೇರಿಗಳಿಂದ ತೆಗೆದುಹಾಕಿದ, ಐ5-2400 ಪ್ರೊಸೆಸರಿನ ಹಳೆಯ ಡೆಲ್ ಆಪ್ಟಿಪ್ಲೆಕ್ಸ್‌ನಂಥ ಯಂತ್ರಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತಿದ್ದವು. ಅವುಗಳಲ್ಲಿ ದೊಡ್ಡ ಕ್ಯಾಬಿನೆಟ್ಟಿನ ಮಾದರಿ ತಂದು, 750 ಟಿಐ ಅಥವಾ 2016ರ 1050 ಟಿಐ ಸಿಕ್ಕಿಸಿದರೆ ಗೇಮಿಂಗ್ ಪಿಸಿ ಸಿದ್ಧ. ಬಡಜನರ ಗೇಮಿಂಗ್ ಚರಿತ್ರೆಯಲ್ಲಿ ಈ ಜೋಡಿಗೆ ಗೌರವದ ಜಾಗ ಸಲ್ಲಬೇಕು.

ಅಷ್ಟರಲ್ಲಿ ಕೊಟೇಶನ್ ಬರೆಯುವ ಕೈ ಬದಲಾಗಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್, 2013ರಲ್ಲಿ ಬಂದ ಅಮೆಜಾನ್, 585ರಿಂದ ಶುರುವಾಗುವ ಪಿನ್‌ಕೋಡಿಗೂ ಪಾರ್ಸೆಲ್ ತಂದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಯೂಟ್ಯೂಬ್ ಪುಕ್ಕಟೆಯಾದಂತಾಯಿತು. ಹಿಂದಿ, ತೆಲುಗು, ಕನ್ನಡದಲ್ಲಿ ಪಿಸಿ ಜೋಡಿಸುವ ವಿಡಿಯೋಗಳನ್ನು ನೋಡಿ ಹುಡುಗರು ತಾವೇ ಪಟ್ಟಿ ಮಾಡಿಕೊಂಡು ಅಂಗಡಿಗೆ ಹೋಗತೊಡಗಿದರು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯಲ್ಲಿ 1958ರಿಂದ ನಡೆದಿರುವ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇಂಥ ಮಾತು ತಿಳಿದ ಹುಡುಗ-ಹುಡುಗಿಯರನ್ನು ಸುತ್ತಲಿಗೆ ತಂದವು.

ಅದೇ ಹೊತ್ತಿಗೆ ಪ್ರೊಸೆಸರ್‌ಗಳೂ ಅಗ್ಗದ ಕಡೆ ತಿರುಗಿದವು. 2017ರ ಜನವರಿಯಲ್ಲಿ ಇಂಟೆಲ್ 64 ಡಾಲರಿನ ಪೆಂಟಿಯಮ್ ಜಿ4560 ಬಿಟ್ಟಿತು. ಎರಡು ಕೋರ್, ನಾಲ್ಕು ಥ್ರೆಡ್. 2018ರ ಫೆಬ್ರುವರಿಯಲ್ಲಿ ಎಎಂಡಿ 99 ಡಾಲರಿಗೆ ರೈಜನ್ 3 2200ಜಿ ತಂದಿತು; ನಾಲ್ಕು ಕೋರಿನ ಜತೆಗೆ ವೇಗಾ 8 ಗ್ರಾಫಿಕ್ಸ್ ಒಳಗೇ. ಆಗ ಕ್ರಿಪ್ಟೊ ಗಣಿಗಾರಿಕೆಯಿಂದ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಮುಗಿಲು ಮುಟ್ಟಿತ್ತು, ಕಾರ್ಡೇ ಇಲ್ಲದೆ ಆಡಬಹುದೆಂಬುದು ದೊಡ್ಡ ಆಸರೆಯಾಯಿತು.

ಈ 2200ಜಿ ಒಂದು ಸೂಕ್ಷ್ಮವನ್ನೂ ಕಲಿಸಿತು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಬಳಸುತ್ತದೆ. 8 ಜಿಬಿಯ ಒಂದೇ ಕಡ್ಡಿ ಹಾಕಿದರೆ ಮಾಹಿತಿ ಹರಿಯುವುದು ಒಂದೇ ಚಾನೆಲ್ಲಿನಲ್ಲಿ. 4 ಜಿಬಿಯ ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟುಗಳಲ್ಲಿ ಕೂರಿಸಿದರೆ ಎರಡು ಚಾನೆಲ್ಲಿನಲ್ಲಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಎರಡೂ ತುದಿಯ ಕ್ಲಿಪ್ ‘ಟಕ್’ ಎನ್ನುವವರೆಗೆ ಸಮನಾಗಿ ಒತ್ತಬೇಕು. ರ‍್ಯಾಮಿನ ಒಟ್ಟು ಲೆಕ್ಕ ಎರಡರಲ್ಲೂ 8 ಜಿಬಿಯೇ, ಆದರೆ ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇದನ್ನು ತಿಳಿದು “ಒಂದೇ ಕಡ್ಡಿ ಬ್ಯಾಡ್ರಿ, ನಾಲ್ಕರವು ಎರಡು ಕೊಡ್ರಿ” ಎಂದು ಕೇಳುವ ಗಿರಾಕಿ ಹುಟ್ಟಿದ ದಿನ ತಾಲ್ಲೂಕಿನ ಪೇಟೆಯ ವ್ಯವಹಾರವೇ ಬದಲಾಯಿತು.

ಬೆಂಗಳೂರಿನ ಪಟ್ಟಿ ಮಾತ್ರ ಇಲ್ಲಿಗೆ ಹಾಗೇ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 42 ಡಿಗ್ರಿ ದಾಟುವುದು ವಾಡಿಕೆ. ಎಷ್ಟೇ ಒಳ್ಳೆಯ ಫ್ಯಾನ್ ಹಾಕಿದರೂ ಅದು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಬೆಂಗಳೂರಿನ 27 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿಗೆ ನಿಲ್ಲುವ ಚಿಪ್ಪು ಜೇವರ್ಗಿಯ ಪತ್ರಾಸಿನ ಮನೆಯಲ್ಲಿ, ಕೋಣೆಯ ಬಿಸಿ ಎಷ್ಟು ಹೆಚ್ಚೋ ಹೆಚ್ಚುಕಡಿಮೆ ಅಷ್ಟೇ ಮೇಲಕ್ಕೇರಿ, ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಬಹುದು. ಎರೆಮಣ್ಣಿನ ಸಣ್ಣ ಧೂಳು ಫ್ಯಾನಿನ ರೆಕ್ಕೆಗೆ ಮೆತ್ತಿದರೆ ಇನ್ನಷ್ಟು. ಆದ್ದರಿಂದ ಮುಂದೆ ಗಾಜಿನ ಹಲಗೆ ಇರುವ, ಬಣ್ಣದ ದೀಪದ ಕ್ಯಾಬಿನೆಟ್ಟಿಗಿಂತ ಮುಂದೆ ಜಾಲರಿ ಇದ್ದು ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವುದೇ ಇಲ್ಲಿಗೆ ಸರಿ. ಉಳಿದ ದುಡ್ಡು ಎಸ್‌ಎಂಪಿಎಸ್‌ಗೆ.

ಕರೆಂಟಿನ ಲೆಕ್ಕವೂ ಹಾಗೆಯೇ. 65 ವ್ಯಾಟಿನ ಪ್ರೊಸೆಸರ್, 75 ವ್ಯಾಟಿನ ಕಾರ್ಡ್, ಬೋರ್ಡು-ಡಿಸ್ಕ್-ಫ್ಯಾನಿಗೆ ಸುಮಾರು 40, ಮಾನಿಟರಿಗೆ 20-25: ಎಲ್ಲ ಸೇರಿ ಸುಮಾರು 200 ವ್ಯಾಟ್. ಪೇಟೆಯಲ್ಲಿ ಎಲ್ಲೆಡೆ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ತಡೆಯುತ್ತದೆ. ಆಟ ಸೇವ್ ಮಾಡಿ ಯಂತ್ರ ಆರಿಸಲು ಬೇಕಾದ ನಿಮಿಷಗಳು ಸಿಗುತ್ತವೆ. ದೊಡ್ಡ ಕಾರ್ಡ್ ತಂದರೆ ಯುಪಿಎಸ್ ಕೂಡ ದೊಡ್ಡದಾಗಬೇಕು. ಪವರ್ ಫ್ಯಾಕ್ಟರ್ ತಿದ್ದುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಗ್ಗದ ಯುಪಿಎಸ್‌ನ ಚೌಕ ಅಲೆಯ ಕರೆಂಟಿಗೆ ಹೊಂದದೆ, ಲೈನ್ ಹೋದ ಕ್ಷಣವೇ ಆರಿಬಿಡುತ್ತವೆ; ಎರಡನ್ನೂ ಕೂಡಿಸಿ ಪರೀಕ್ಷೆ ಮಾಡಿಯೇ ಕೊಳ್ಳಬೇಕು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ. ಇದನ್ನು ಸರಿಪಡಿಸುವುದು ಎಲೆಕ್ಟ್ರೀಷಿಯನ್ ಕೆಲಸ, ಮತ್ತು ಕಂಪ್ಯೂಟರ್ ತರುವ ಮೊದಲೇ ಮಾಡಿಸಬೇಕಾದದ್ದು.

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಜಾಲ ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ಗಣಿಗಾರಿಕೆಯನ್ನು ಕೈಬಿಟ್ಟಿತು. ಗಣಿಗಾರರು ಹಗಲೂ ರಾತ್ರಿ ದುಡಿಸಿದ್ದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಸುರಿದವು. ಒಂದು ಕಾಲಕ್ಕೆ ಎಟುಕದಿದ್ದ ಆರ್‌ಎಕ್ಸ್ 580 ಬೆಲೆ ಇಳಿದು ಕೈಗೆ ಬಂತು. ಅದು ಬಯಸುವುದು 185 ವ್ಯಾಟ್, ಆದ್ದರಿಂದ ಹಳೆಯ ಕ್ಯಾಬಿನೆಟ್ ಜತೆ ಬಂದ ಎಸ್‌ಎಂಪಿಎಸ್ ಅದನ್ನು ಹೊರುವುದಿಲ್ಲ. ಇಂಥ ಕಾರ್ಡ್ ಕೊಳ್ಳುವವರು ಅರ್ಧ ತಾಸು ಆಟ ಓಡಿಸಿ, ಫ್ಯಾನಿನ ಸದ್ದು ಕೇಳಿ, ಪರದೆಯ ಮೇಲೆ ಚುಕ್ಕಿ ಕಾಣುತ್ತವೆಯೇ ಎಂದು ನೋಡಿಯೇ ರೊಕ್ಕ ಎಣಿಸುತ್ತಾರೆ. ಹೊಸದಾದರೆ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳುತ್ತಾರೆ. ಕೆಟ್ಟ ಕಾರ್ಡು ವಾರಂಟಿಗಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಬರಬೇಕಾದಾಗ ಅದೊಂದೇ ಆಧಾರ.

2025ರ ಕೊನೆಯ ತಿಂಗಳುಗಳ ಬೆಳವಣಿಗೆ ಈ ಪೇಟೆಯನ್ನು ಮತ್ತೆ ತಿರುಗಿಸಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ 8ನೇ ತಲೆಮಾರು ಅಥವಾ ರೈಜನ್ 2000 ಸರಣಿಯ ಬಹುಪಾಲು ಮತ್ತು ಅವುಗಳ ನಂತರದ ಚಿಪ್ಪುಗಳನ್ನು; ಐ5-2400ರ ಜಮಾನಾ ಅದರಿಂದ ಹೊರಗೆ ಉಳಿಯಿತು. ಅದೇ ವರ್ಷದ ಕೊನೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ ರ‍್ಯಾಮಿನ ಬೆಲೆ ಜಗತ್ತಿನೆಲ್ಲೆಡೆ ಜಿಗಿಯಿತು. ಹೊಸ ಡಿಡಿಆರ್5 ಬೋರ್ಡಿನ ಕನಸು ಮುಂದಕ್ಕೆ ಹೋಗಿದೆ. ಹೀಗಾಗಿ ಕಡಿಮೆ ಬಜೆಟ್ಟಿನವರ ಕಣ್ಣು 2200ಜಿ ಕೂರುವ ಎಎಂ4 ಸಾಕೆಟ್ಟಿನ ಮೇಲೆ ನೆಟ್ಟಿದೆ. 2017-18ರಲ್ಲಿ ಕೊಂಡ ಬೋರ್ಡುಗಳಲ್ಲಿ ಅನೇಕವು ಬಯಾಸ್ ಅಪ್‌ಡೇಟ್ ಮಾಡಿದರೆ 2022ರ ರೈಜನ್ 5 5500 ಪ್ರೊಸೆಸರನ್ನು ಒಪ್ಪಿಕೊಳ್ಳುತ್ತವೆ, ಇದ್ದ ಡಿಡಿಆರ್4 ಕಡ್ಡಿಗಳೇ ನಡೆಯುತ್ತವೆ. 2200ಜಿ ಕೊಂಡಿದ್ದ ಮನೆಗಳಲ್ಲಿ ಈ ಸಲದ ತೊಗರಿ ರಾಶಿಯ ರೊಕ್ಕದಲ್ಲಿ ಪೂರ್ತಿ ಪಿಸಿ ಕೊಳ್ಳಬೇಕಿಲ್ಲ: ಬೋರ್ಡಿನ ಮಾದರಿ ಸಂಖ್ಯೆ ಬರೆದುಕೊಂಡು, ಕಂಪನಿಯ ಪಟ್ಟಿಯಲ್ಲಿ ಆ ಪ್ರೊಸೆಸರ್ ಇದೆಯೇ ಎಂದು ನೋಡಿ, ಹಳೆಯ ಚಿಪ್ಪು ಕೂತಿರುವಾಗಲೇ ಬಯಾಸ್ ಬದಲಿಸಿ, ಹೊಸ ಚಿಪ್ಪು ಕೂರಿಸಬೇಕು. 5500ರಲ್ಲಿ ಒಳಗ್ರಾಫಿಕ್ಸ್ ಇಲ್ಲ, ಅದರ ಜತೆಗೆ ಒಂದು ಕಾರ್ಡೂ ಬೇಕು.